ಎರಡು ಸೀಟಿನ ಹಳೇ ಕಾರು

ಗಲ್ಫಿನ ಮುಸಫ್ಫಾದ ನಮ್ಮ ವರ್ಕ್‌ಶಾಪಿಗೆ ಅರಬ್ಬಿ ಶ್ರೀಮಂತರೊಬ್ಬರು ನೂರು ವರ್ಷ ಹಳೆಯ ಕಾರೊಂದನ್ನು ರಿಪೇರಿಗೆ ಕಳಿಸಿದ್ದರು. ಸೈಕಲ್ಲಿನಂಥ ಸಪೂರ ಚಕ್ರ, ಮೋಟಾರ್ ಸೈಕಲ್ಲಿನ ಎಂಜಿನ್, ಒಂದರ ಹಿಂದೊಂದು ಎರಡು ಸೀಟು. ಹಿಂಬದಿಯನ್ನು ಇಬ್ಬರೇ ಎತ್ತಿ ತಿರುಗಿಸುವಷ್ಟು ಹಗುರ. ಅದನ್ನು ತಯಾರಿಸಿದ ಕಂಪನಿ ಎರಡೇ ವರ್ಷದಲ್ಲಿ ಬಾಗಿಲು ಹಾಕಿತ್ತಂತೆ. ಬಿಡಿಭಾಗ ಎಲ್ಲೂ ಸಿಗದೆ, ಧಾರವಾಡದ ನಾನೂ ಉಡುಪಿ ಕಡೆಯ ಫೋರ್‌ಮನ್ ಒಬ್ಬರೂ ಒಂದೊಂದನ್ನೂ ಕೈಯಾರೆ ಮಾಡಿದೆವು.

ಕೆಲಸ ಮುಗಿಯುವ ದಿನ ಬೆಳಿಗ್ಗೆ ಮ್ಯಾನೇಜರ್ ನಮ್ಮನ್ನು ಕರೆದು, ತಿಂಗಳ ಕೊನೆಗೆ ವರ್ಕ್‌ಶಾಪ್ ಮುಚ್ಚುತ್ತದೆ, ಎಲ್ಲರ ವೀಸಾ ಕ್ಯಾನ್ಸಲ್ ಎಂದರು. ವಾಪಸ್ ಬಂದು ಕಾರಿಗೆ ಚಕ್ರ ತಿರುಗಿಸುವ ಬೆಲ್ಟ್ ಹಾಕಿದೆವು. ಎಂಜಿನ್ ಸ್ಟಾರ್ಟ್ ಆಯಿತು.

"ಹಿಂದೆ ಕೂತ್ಕೊ ಮಾರಾಯ, ಒಂದು ರೌಂಡ್ ಹೋಗಿ ಬರುವ," ಅಂದರು ಫೋರ್‌ಮನ್.

ಅಂಗಳದಲ್ಲಿ ಸುತ್ತು ಹಾಕಿದೆವು. ಉಳಿದವರು ಚಪ್ಪಾಳೆ ತಟ್ಟಿದರು. ತಿಂಗಳುಗಟ್ಟಲೆ ಕಾದಿದ್ದ ಗಳಿಗೆ ಅದು. ಆದರೆ ನನಗೆ ಖುಷಿಯೂ ಆಗಲಿಲ್ಲ, ಕೆಲಸ ಹೋದ ದುಃಖವೂ ಆಗಲಿಲ್ಲ. ಮುಖಕ್ಕೆ ಬಿಸಿಗಾಳಿ ಹೊಡೆಯುವುದಷ್ಟೇ ಗೊತ್ತಾಗುತ್ತಿತ್ತು.

"ಮನಿಗೆ ಹೇಳಿದ್ರೇನ್ರೀ?" ಅಂತ ಕೇಳಿದೆ.

"ಇಲ್ಲ. ನೀನು?"

"ನಾನೂ ಇಲ್ರೀ."

ಅವರು ಇನ್ನೊಂದು ಸುತ್ತು ತಿರುಗಿಸಿದರು.

ಸಂಜೆ ಟ್ರಕ್ ಬಂದು ಕಾರನ್ನು ಒಯ್ದಿತು. ನಾವು ಕೈ ತೊಳೆದುಕೊಂಡು ಕಂಪನಿ ಬಸ್ ಹತ್ತಿದೆವು.