ಮಲ್ಕಮ್ಮನ ಸೋರೆಬುರುಡೆ

ಭೀಮಾ ದಂಡೆಯ ಆ ಹಳ್ಳಿಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಶಾಂತಲಿಂಗಪ್ಪ ಮಾಸ್ತರರಿಗೆ ಪ್ರತಿ ಪದದ ಕುಲಗೋತ್ರವೂ ಗೊತ್ತಿತ್ತು. ಈಜು ಮಾತ್ರ ಗೊತ್ತಿರಲಿಲ್ಲ.

ಎಂಬತ್ತನಾಲ್ಕರ ಮಳೆಗಾಲದ ಒಂದು ದಿನ ಪಾಠದಲ್ಲಿ ‘ಫ್ಲೋಟ್’ ಎಂಬ ಪದ ಬಂತು. ತೇಲುವುದು ಎಂದು ಹೇಳಿ ಮುಂದೆ ಹೋಗಬಹುದಿತ್ತು. ಮಾಸ್ತರರು ಹಾಗೆ ಬಿಡುವ ಪೈಕಿಯಲ್ಲ. ಹರಿಯುವ ‘ಫ್ಲೋ’, ಹಡಗುಗಳ ದಂಡಾದ ‘ಫ್ಲೀಟ್’ ಎರಡೂ ಅದರ ದಾಯಾದಿಗಳೆಂದರು. ತೆಪ್ಪಕ್ಕೆ ಸಂಸ್ಕೃತದಲ್ಲಿ ‘ಪ್ಲವ’ ಎನ್ನುತ್ತಾರಲ್ಲ, ಅದೂ ಒಂದು ಕಾಲಕ್ಕೆ ಇದೇ ಮನೆತನದ್ದೆಂದರು. ಮಕ್ಕಳು ಆಕಳಿಸಿದರು. ಆಗ ಸಾಕ್ಷಿ ಬೇಕೆನಿಸಿ, ಅಂಬಿಗ ಖಾದರಸಾಬನ ಗುಡಿಸಲಿಗೆ ತಾವೇ ಹೋಗಿ ಗೂಟದಲ್ಲಿದ್ದ ಸೋರೆಬುರುಡೆ ಇಳಿಸಿಕೊಂಡರು.

“ಅದು ಮಲ್ಕಮ್ಮಂದ್ರಿ. ಇವತ್ತ ಆಕಿಗೆ ಕೂಲಿ ಇಲ್ಲ, ಆದ್ರ ಸಂಜಿಗೆ ಅಲ್ಲೇ ಇರಬೇಕು,” ಎಂದ ಖಾದರಸಾಬ.

ಮಲ್ಕಮ್ಮ ಕೂಲಿಯ ಹೆಂಗಸು. ಒಣಗಿದ ಆ ಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ದಿನಾ ಬೆಳಿಗ್ಗೆ ಹೊಳೆ ಈಜಿ, ಆಚೆ ದಂಡೆಯ ತೊಗರಿಹೊಲಕ್ಕೆ ಕಳೆ ಕೀಳಲು ಹೋಗುತ್ತಿದ್ದಳು.

ತೇಲಿಸುವುದು ಒಳಗಿನ ಗಾಳಿ ಎಂದು ತೋರಿಸುವ ಹುಮ್ಮಸ್ಸಿನಲ್ಲಿ ಮಾಸ್ತರರು ಕೈವಾರದ ಮೊನೆಯಿಂದ ಬುರುಡೆಗೆ ತೂತು ಕೊರೆದರು. ಬೆರಳು ಹೋಗುವಷ್ಟು ದೊಡ್ಡದಾಯಿತು. ಪ್ರಶ್ನೆಪತ್ರಿಕೆಯ ಲಕೋಟೆಗೆ ಹಚ್ಚುವ ಅರಗು ಕಾಸಿ ಮುಚ್ಚಿ, ಸಂಜೆ ಸದ್ದಿಲ್ಲದೆ ಗೂಟಕ್ಕೆ ನೇತುಹಾಕಿ ಬಂದರು. ಹೇಳಬಹುದಿತ್ತು. ಆದರೆ ಕೂಲಿಯವಳ ಮುಂದೆ ತಪ್ಪೊಪ್ಪುವ ಮಾಸ್ತರ ಆ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಮರುದಿನ ಮುಂಜಾನೆ ಅರಗು ನೀರಿನಲ್ಲಿ ನಿಂತೀತೇ ಎಂದು ಅನುಮಾನವಾಗಿ ಹೊಳೆಗೆ ಓಡಿದರು. ಮಲ್ಕಮ್ಮ ಆಗಲೇ ನಡುನೀರಿನಲ್ಲಿದ್ದಳು. ಬೆನ್ನಿನ ಬುರುಡೆ ಒಂದು ಕಡೆ ವಾಲುತ್ತಿತ್ತು.

“ತೂತದ ಬೇ! ಬುರುಡಿಗೆ ತೂತದ! ನಾನೇ ಕೊರದೇನಿ!” ದಂಡೆಯಲ್ಲಿ ನಿಂತು ಅರಚಿದರು. ಶಾಲೆಗೆ ಹೊರಟಿದ್ದ ಮಕ್ಕಳೆಲ್ಲ ಕೇಳಿಸಿಕೊಂಡರು. ನೀರಿನ ಸದ್ದಿನಲ್ಲಿ ಅವಳಿಗೆ ಮಾತ್ರ ಕೇಳಿಸಲಿಲ್ಲ. ಅವಳ ತಲೆ ಒಮ್ಮೆ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು.

ಖಾದರಸಾಬ ಹರಗೋಲು ನೂಕಿಕೊಂಡು ಹೋಗಿ ಅವಳನ್ನು ಜುಟ್ಟು ಹಿಡಿದು ಎಳೆದು ತಂದ. ಅವಳು ನೀರು ಕಾರಿದ ಮೇಲೆ ಮಾಸ್ತರರು, ಒಳಗೆ ಏನಿದೆಯೆಂದು ಮಕ್ಕಳಿಗೆ ತೋರಿಸಲು ತಾವೇ ಕೊರೆದದ್ದೆಂದು ಒಪ್ಪಿಕೊಂಡರು.

“ಒಳಗ ಏನದ ಅಂತ ನನ್ನ ಕೇಳಿದ್ರ ಹೇಳ್ತಿದ್ದೆ, ಸರ. ಏನೂ ಇಲ್ಲ ಅಂತ.”

ಬುರುಡೆ ಕೆಡಿಸಿದವರು ಬುರುಡೆ ಬೆಳೆದು ಕೊಡಬೇಕು. ದಂಡೆಯ ರಿವಾಜು ಅದು. ಮಾಸ್ತರರು ಹಿತ್ತಲಲ್ಲಿ ಸೋರೆಬೀಜ ಊರಿದರು. ಬಳ್ಳಿ ಹಬ್ಬಿ, ಕಾಯಿ ಬಲಿತು, ಒಣಗಬೇಕಲ್ಲ. ಅಲ್ಲಿಯವರೆಗೆ ಮಲ್ಕಮ್ಮ ಹರಗೋಲಿಗೆ ಕಾದು, ತಡವಾಗಿ ಹೊಲ ಮುಟ್ಟಿ, ದಿನಾ ಹೊಲದ ಗೌಡರಿಂದ ಬೈಸಿಕೊಂಡಳು. ಮಾಸ್ತರರು ಎದುರಾದರೆ ಸೆರಗು ಎಳೆದುಕೊಂಡು ಹಾದುಹೋಗುತ್ತಿದ್ದಳು. ಆಮೇಲೆ ಆ ವರ್ಷವಿಡೀ ತರಗತಿಯಲ್ಲಿ ಒಂದೇ ಒಂದು ಪದದ ಕುಲಗೋತ್ರವೂ ಬರಲಿಲ್ಲ.

ಶಿವರಾತ್ರಿ ಹೊತ್ತಿಗೆ ಗಟ್ಟಿ ಬುರುಡೆಯೊಂದು ಸಿದ್ಧವಾಯಿತು. ಮಾಸ್ತರರು ಎರಡೂ ಕೈಯಲ್ಲಿ ಹಿಡಿದು ದಂಡೆಗೆ ತಂದರು. ಮಲ್ಕಮ್ಮ ಬೆರಳಿನಿಂದ ತಟ್ಟಿದಳು, ನೀರಿನಲ್ಲಿ ಅದುಮಿ ಗುಳ್ಳೆ ಏಳುತ್ತದೇನೋ ಎಂದು ನೋಡಿದಳು. ಏಳಲಿಲ್ಲ. ಆದರೂ ಕಟ್ಟಿಕೊಳ್ಳಲಿಲ್ಲ.

“ಮೊದಲ ನೀವ ಇಳೀರಿ, ಸರ.”

“ನನಗ ಈಜು ಬರಂಗಿಲ್ಲ, ತಂಗಿ.”

“ಅದಕ್ಕ ಹೇಳಾಕತ್ತೇನಿ.”

ಖಾದರಸಾಬ ಹಗ್ಗ ತಂದು ಬುರುಡೆಯನ್ನು ಮಾಸ್ತರರ ಬೆನ್ನಿಗೆ ಬಿಗಿದ. ಮಾಸ್ತರರು ಕನ್ನಡಕ ತೆಗೆದು ಅವನ ಕೈಗಿಟ್ಟು, ಧೋತರ ಮೇಲೆ ಕಟ್ಟಿ, ಮೊಣಕಾಲುದ್ದ, ಸೊಂಟದುದ್ದ, ಎದೆಯುದ್ದ ನೀರಿಗಿಳಿದರು. ಮುಂದಿನ ಹೆಜ್ಜೆಗೆ ನೆಲ ಸಿಗಲಿಲ್ಲ. ಕಣ್ಣು ಮುಚ್ಚಿಕೊಂಡರು. ಬುರುಡೆ ಅವರನ್ನು ಮೇಲಕ್ಕೆತ್ತಿತು.

ಮಲ್ಕಮ್ಮ ನೂರರವರೆಗೆ ಎಣಿಸಿದಳು. ಆಮೇಲೆ, “ಸಾಕು, ಬರ್ರಿ,” ಎಂದಳು.