ಅತ್ತೆಯ ಹಾಡುಗಳ ಫೋಲ್ಡರ್

ನಮ್ಮ ಮನೆಯ ಷೋಕೇಸಿನಲ್ಲಿ, ಗೊಂಬೆಗಳ ಪಕ್ಕ, ಪರದೆ ಒಡೆದ ಲ್ಯಾಪ್‌ಟಾಪೊಂದು ಮೆಲ್ಲಗೆ ಗುಂಯ್‌ಗುಡುತ್ತಿರುತ್ತದೆ. ನಾನದನ್ನು ಸರ್ವರ್ ಎನ್ನುತ್ತೇನೆ. ನನ್ನ ಹೆಂಡತಿ ಶಾರದೆ ‘ನಿಮ್ಮ ದೇವರು’ ಎನ್ನುತ್ತಾಳೆ. ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ನನಗೆ ಈ ವಿದ್ಯೆಯನ್ನು ಯಾರೂ ಕಲಿಸಿದ್ದಲ್ಲ. ವಿಡಿಯೋ ನೋಡಿ ನೋಡಿ, ಆ ಲ್ಯಾಪ್‌ಟಾಪಿನೊಳಗೆ ಕಂಟೇನರ್ ಎಂಬ, ತಂತ್ರಾಂಶದ ಪುಟ್ಟ ಅಂಗಡಿ ತೆರೆದು, ಅದರ ಮೂಲಕ ಹಾಡುಗಳ ಒಂದು ಫೋಲ್ಡರನ್ನು ಮನೆಗೆಲ್ಲ ಹಂಚಿದ್ದೇನೆ. ಹಾಲ್‌ನ ಟಿ.ವಿ.ಯಲ್ಲೂ ಅಡುಗೆಮನೆಯ ಫೋನಿನಲ್ಲೂ ಅದೇ ತೆರೆದುಕೊಳ್ಳುತ್ತದೆ. ನಾವಿರುವ ಉಪ್ಪಾರಹಳ್ಳಿಯ ಮಧ್ಯಾಹ್ನದ ಅರೆನಿದ್ದೆಯಲ್ಲಿ, ಎಲ್ಲಿಂದ ಬರುತ್ತಿದೆಯೆಂದು ತಿಳಿಯದ ಹಾಡೊಂದನ್ನು ಕೇಳುತ್ತ ಮಲಗುವುದು ನನ್ನ ದೊಡ್ಡ ಸುಖ.

ಆ ಹಾಡು ಕುಣಿಗಲ್ಲಿನ ನಮ್ಮ ಅತ್ತೆಯದು, ಶಾರದೆಯ ತಾಯಿಯದು. ಮದುವೆಮನೆಗಳಲ್ಲಿ ಸೋಬಾನೆ ಹೇಳಲು ಅವರೇ ಬೇಕಿತ್ತು. ಗಂಟಲಿನ ಆಪರೇಷನ್ ಆದ ಮೇಲೆ ದನಿ ಒರಟಾಯಿತು, ಹಾಡುವುದನ್ನೇ ಬಿಟ್ಟರು. ಅದಕ್ಕೂ ಮುಂಚೆ ಶಾರದೆ ಫೋನಿನಲ್ಲಿ ಹಿಡಿದಿಟ್ಟಿದ್ದಷ್ಟೇ ಉಳಿದದ್ದು. ಆ ಫೋನೂ ಕೆಟ್ಟ ಮೇಲೆ ಹಾಡುಗಳು ಈ ಫೋಲ್ಡರಿನಲ್ಲಿ ಮಾತ್ರ ಇದ್ದವು. ಇನ್ನೊಂದು ಪ್ರತಿ ತೆಗೆದಿಡುತ್ತೇನೆಂದು ನಾನು ಹೇಳುತ್ತಲೇ ಇದ್ದೆ.

ಕಳೆದ ಭಾನುವಾರ ಅತ್ತೆ ಬಂದಿದ್ದರು; ಮಾರನೆಯ ಬೆಳಗಿನ ಬಸ್ಸಿಗೇ ಊರಿಗೆ ಹೊರಡುವವರಿದ್ದರು. ಊಟವಾದ ಮೇಲೆ, ಹೊಸ ಆವೃತ್ತಿ ಹಾಕುವ ಹುರುಪಿನಲ್ಲಿ ನಾನು ಹಳೆಯ ಕಂಟೇನರನ್ನು ಅಳಿಸಿ ಹೊಸದನ್ನು ಕೂರಿಸಿದೆ. ಫೋಲ್ಡರ್ ತೆರೆದರೆ ಖಾಲಿ.

“ರೀ, ಅಮ್ಮನ ಹಾಡೆಲ್ಲಿ?” ಟಿ.ವಿ. ಮುಂದೆ ನಿಂತು ಶಾರದೆ ಕೇಳಿದಳು.

“ಅಳಿಸ್ಬಿಟ್ಟೆ ಅನ್ಸುತ್ತೆ ಕಣೇ.”

ಶಾರದೆ ರಿಮೋಟ್ ಒತ್ತಿ ಫೋಲ್ಡರನ್ನು ಮತ್ತೆ ತೆರೆದು ನೋಡಿದಳು. ಆಮೇಲೆ ಕುರ್ಚಿಯಲ್ಲಿ ಕುಳಿತಳು. ಬಯ್ದಿದ್ದರೇ ಚೆನ್ನಾಗಿತ್ತು.

ಅತ್ತೆ ಎಲೆಯಡಿಕೆ ಬದಿಗಿಟ್ಟರು. “ಹೋದ್ರೆ ಹೋಗ್ಲಿ ಬುಡಿ. ಪದ ಎಲ್ಲಾ ನನ್ ತಲೇಲೇ ಅವೆ. ಶಾರದೀ, ಫೋನ್ ತಗಳೇ” ಎಂದು ಕಣ್ಣು ಮುಚ್ಚಿ, ಆಪರೇಷನ್ನಿನ ಬಳಿಕ ಮೊದಲ ಸಲ ಹಾಡಿದರು. ಮೇಲಿನ ಸ್ವರಕ್ಕೆ ಏರಲಾಗದೆ ದನಿ ಪಕ್ಕದಿಂದ ನುಸುಳಿತು; ಒಣಗಿದ ತೆಂಗಿನ ಗರಿಯಲ್ಲಿ ಗಾಳಿಯಾಡಿದ ಹಾಗೆ. ಶಾರದೆ ಫೋನನ್ನು ಅಮ್ಮನ ಬಾಯಿಯ ಹತ್ತಿರಕ್ಕೆ ಹಿಡಿದಳು. ನನ್ನ ತಪ್ಪಿಗೆ ಇಷ್ಟು ಚೆಂದದ ಶಿಕ್ಷೆ ಸಿಗಬಹುದೆಂದು ನಾನೆಣಿಸಿರಲಿಲ್ಲ.

ಸಂಜೆ ನಿಜ ತಿಳಿಯಿತು. ಹಾಡುಗಳು ಕಂಟೇನರಿನೊಳಗೆ ಇರಲೇ ಇಲ್ಲ. ಅವು ಹೊರಗೆ, ಡಿಸ್ಕಿನಲ್ಲಿ ಹಾಯಾಗಿದ್ದವು. ಕಂಟೇನರ್ ಬರೀ ಬಾಗಿಲು. ಹೊಸ ಬಾಗಿಲಿಗೆ ಫೋಲ್ಡರಿನ ದಾರಿ ಬರೆಯುವಾಗ ನಾನು ಒಂದಕ್ಷರ ತಪ್ಪಿದ್ದೆ. ತಿದ್ದಿದೆ, ಎಲ್ಲವೂ ಬಂದವು. ಅವತ್ತೇ ಪೆನ್‌ಡ್ರೈವ್‌ಗೂ ಒಂದು ಪ್ರತಿ ಹಾಕಿದೆ.

ಹಳೆಯ ಹಾಡನ್ನು ಅತ್ತೆ ಯಾರದೋ ಎಂಬಂತೆ ತಲೆದೂಗುತ್ತ ಕೇಳಿದರು. “ಚೆನ್ನಾಗೇ ಹಾಡವ್ಳೆ. ಆದ್ರೆ ಸ್ವಲ್ಪ ಆತ್ರ ಇವ್ಳಿಗೆ. ಇವತ್ತಿಂದು ಹಾಕಿ, ಕೇಳಣ.”

ಹಾಕಿದೆ. ಎರಡು ಸಲ ಕೇಳಿದರು.

“ನಡುವೆ ಒಂದ್ ಸಾಲು ಬುಟ್ಬುಟ್ಟಿದೀನಿ. ಬೆಳಿಗ್ಗೆ ಇನ್ನೊಂದ್ ಸಲ ಹಾಡ್ತೀನಿ, ಹಿಡ್ಕಳೇ.”

ಮಾರನೆಯ ಬೆಳಿಗ್ಗೆ ಕುಣಿಗಲ್ ಬಸ್ಸು ಅತ್ತೆಯನ್ನು ಬಿಟ್ಟೇ ಹೋಯಿತು.