ರಬ್ಬರ್ ಬ್ಯಾಂಡ್ ಬಿಚ್ಚದ ಕಾರ್ಡುಗಳು

ಆಲ್ದೂರಿನ ಜೀಪ್ ಮೆಕ್ಯಾನಿಕ್ ಇಕ್ಬಾಲಣ್ಣ ನನ್ನ ವಿಸಿಟಿಂಗ್ ಕಾರ್ಡುಗಳ ಕಟ್ಟನ್ನು ಹಾಗೇ ನನ್ನ ಕೈಗೆ ವಾಪಸ್ ಇಟ್ಟರು. ತಿಂಗಳ ಹಿಂದೆ ನಾನೇ ಹಾಕಿದ್ದ ರಬ್ಬರ್ ಬ್ಯಾಂಡನ್ನೂ ಅವರು ಬಿಚ್ಚಿರಲಿಲ್ಲ. ನಾನು ಮನೆಯಲ್ಲೇ ಹುರಿದು ಮಾರುವ ಕಾಫಿಪುಡಿಯ ಸುದ್ದಿಯನ್ನು ರಿಪೇರಿಗೆ ಬರುವ ಪ್ರವಾಸಿಗರಿಗೆ ಮುಟ್ಟಿಸುತ್ತಾರೆಂದು ನಂಬಿದ್ದೆ. ಮೈಯೆಲ್ಲ ಉರಿಯಿತು.

“ಒಂದಾದ್ರೂ ಕೊಡಬಾರದಿತ್ತಾ?” ಎಂದೆ.

“ಬೇಜಾರಾಗ್ಬೇಡಿ ಅಕ್ಕಾ. ಹೆಂಗಿದೆ ಅಂತ ಕೇಳಿದ್ರೆ ಏನು ಹೇಳ್ಲಿ? ನಾನೇ ಇನ್ನೂ ಕುಡಿದಿಲ್ವಲ್ಲ.”

ನಾನು ಕಾರ್ಡು ಹಂಚಿದ್ದ ಬೇಕರಿ, ಹೋಂಸ್ಟೇ, ಟೈರ್ ಅಂಗಡಿ ಒಂದೊಂದಾಗಿ ಕಣ್ಣಮುಂದೆ ಬಂದವು. ಎಲ್ಲ ಕಡೆ ಅವರು ಕೊಟ್ಟ ಕಾಫಿ ಕುಡಿದು, ನನ್ನ ಕಾರ್ಡು ಇಟ್ಟು ಎದ್ದು ಬಂದಿದ್ದೆ!

ಮರುದಿನ ಬೆಳಿಗ್ಗೆಯೇ ಫ್ಲಾಸ್ಕ್ ತುಂಬಿಸಿಕೊಂಡು, ಕಾರ್ಡುಗಳ ಕಟ್ಟನ್ನೂ ಹಿಡಿದು ಗ್ಯಾರೇಜಿಗೆ ಹೋದೆ. ಇಕ್ಬಾಲಣ್ಣ ಮೊದಲ ಲೋಟ ಮುಗಿಸಿದರು. ಬಾನೆಟ್ ತೆರೆದಿಟ್ಟು ಕಾಯುತ್ತಿದ್ದ ಗಿರಾಕಿಯನ್ನು ಕೈಸನ್ನೆಯಲ್ಲಿ ಕರೆದು, ಅವರಿಗೂ ಒಂದು ಲೋಟ ಬಗ್ಗಿಸಿ ಕೊಟ್ಟರು. ಆಮೇಲೆ ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿದರು.

ಈಗ ನನ್ನ ಹತ್ತಿರ ಒಂದು ಪಟ್ಟಿಯಿದೆ. ವಾರಕ್ಕೆ ಎರಡು ಅಂಗಡಿಯಂತೆ ಮೂಡಿಗೆರೆಯವರೆಗೂ ಹೋಗುತ್ತೇನೆ, ಒಂದನ್ನೂ ಬಿಡುವುದಿಲ್ಲ. “ಬನ್ನಿ, ಕಾಫಿ ಕುಡೀರಿ” ಎಂದು ಯಾರೇ ಕರೆದರೂ ಫ್ಲಾಸ್ಕ್ ಮೇಜಿನ ಮೇಲಿಟ್ಟು ಹೇಳುತ್ತೇನೆ: “ಇವತ್ತು ನಂದು.”